ಗ್ಯಾಲರಿಯಿಂದ ಕೆಳಗಿಳಿದು ಬನ್ನಿ

ಪರೇಲ್, ಲಾಲ್‌ಬಾಗ್, ಶಿವಡಿ, ಭೋಯಿವಾಡಾಗಳ ಕನ್ನಡದ ಮನೆಗಳ ಅಪ್ಪ ಅಮ್ಮಂದಿರಿಗೆ,



ಗುರುಪೂರ್ಣಿಮೆ ಹತ್ತಿರ ಬಂತು. ಆ ಸಂಜೆ ನಮ್ಮ ಗಲ್ಲಿಗಳಲ್ಲಿ ತೆಂಗಿನಕಾಯಿ ಒಡೆದು, ಗೋಕುಲಾಷ್ಟಮಿಯ ಮಾರನೆಯ ದಿನ ಮನುಷ್ಯರ ಗೋಪುರ ಕಟ್ಟಿ ಮೊಸರಿನ ಹಂಡಿ ಒಡೆಯುವ ಗೋವಿಂದ ಪಥಕಗಳು ಸರಾವ್, ಅಂದರೆ ಅಭ್ಯಾಸ, ಶುರು ಮಾಡುತ್ತವೆ. ನಿಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಈಗಾಗಲೇ ಆ ಮಾತು ಎದ್ದಿರುತ್ತದೆ. "ಈ ಸಲ ನಾನೂ ಹೋಗ್ತೇನೆ" ಎಂದು ಕಾಲೇಜಿನ ಹುಡುಗ ಹಟ ಹಿಡಿದಿರುತ್ತಾನೆ. "ಕೈಕಾಲು ಮುರಿದುಕೊಂಡು ಬರ್ಲಿಕ್ಕಾ?" ಎಂದು ಅಮ್ಮ ಕೇಳಿರುತ್ತಾರೆ. ಅಪ್ಪ ಡ್ಯೂಟಿ ಮುಗಿಸಿ ಬಂದು, ಎರಡೂ ಕಡೆ ಕೇಳಿಸಿಕೊಂಡು, "ಮೊದಲು ಪರೀಕ್ಷೆ ನೋಡ್ಕೋ" ಎಂದು ಮಾತು ಮುಗಿಸಿರುತ್ತಾರೆ. ಹುಡುಗ ಮಾತ್ರ ಹೋಗಿಯೇ ಹೋಗುತ್ತಾನೆ. ಹೇಳಿ ಹೋಗುತ್ತಾನೋ ಹೇಳದೆ ಹೋಗುತ್ತಾನೋ, ಅಷ್ಟೇ ವ್ಯತ್ಯಾಸ.

ಅವನನ್ನು ಕಳಿಸಿ ಎಂದಷ್ಟೇ ಹೇಳಿ ಮುಗಿಸಲು ನಾನು ಈ ಪತ್ರ ಬರೆಯುತ್ತಿಲ್ಲ. ನೀವೂ ಬನ್ನಿ ಎಂದು ಕರೆಯಲು ಬರೆಯುತ್ತಿದ್ದೇನೆ. ಹಂಡಿ ಒಡೆಯುವ ದಿನ ಬರದಿದ್ದರೂ ನಡೆಯುತ್ತದೆ. ಅದರ ಮುಂಚಿನ ಈ ಒಂದು ತಿಂಗಳು ಎಂಟು ದಿನ, ರಾತ್ರಿ ಊಟಕ್ಕೆ ಮುಂಚೆ ಒಂದು ಗಂಟೆ, ಚಾಳಿನ ಗ್ಯಾಲರಿಯಿಂದ ಕೆಳಗಿಳಿದು ಬನ್ನಿ.

ನಾನು ಲಾಲ್‌ಬಾಗಿನ ಚಾಳಿನಲ್ಲಿ ಹುಟ್ಟಿ ಬೆಳೆದವನು. ತಂದೆಯವರು ಮಿಲ್ಲಿನ ಕ್ಯಾಂಟೀನಿನಲ್ಲಿ ಇದ್ದವರು, ಊರು ಕುಂದಾಪುರದ ಕಡೆ. ಹರೆಯದಲ್ಲಿ ಪಥಕದ ತಳದ ಸಾಲಿನಲ್ಲಿ ನಿಂತೆ. ಈಗಲೂ ಸರಾವ್‌ನಲ್ಲಿ ಹೊಸಬರಿಗೆ ನಿಲ್ಲುವುದು ಹೇಗೆಂದು ಹೇಳಿಕೊಡುವವರಲ್ಲಿ ಒಬ್ಬ. ಇಲ್ಲಿ ಬರೆದಿರುವುದೆಲ್ಲ ತಳದಲ್ಲಿ ನಿಂತು ಕಂಡದ್ದು.

ಸರಾವ್ ಎಂದರೆ ಏನು ನಡೆಯುತ್ತದೆ ಎಂದು ಮೇಲಿನಿಂದ ನೋಡುವವರಿಗೆ ಪೂರ್ತಿ ಗೊತ್ತಾಗುವುದಿಲ್ಲ. ಗಲಾಟೆ, ಸೀಟಿ, ಒಬ್ಬರ ಮೇಲೊಬ್ಬರು ಹತ್ತುವುದು, ದೊಪ್ಪನೆ ಬೀಳುವುದು, ನಗು, ಇಷ್ಟು ಕಾಣುತ್ತದೆ. ಒಳ್ಳೆಯ ಪಥಕದಲ್ಲಿ ಮೊದಲ ವಾರ ಯಾರೂ ಯಾರ ಮೇಲೂ ಹತ್ತುವುದೇ ಇಲ್ಲ. ಓಟ, ದಂಡ, ಬೈಠಕ್, ಸೂರ್ಯನಮಸ್ಕಾರ, ಕುತ್ತಿಗೆ ಬೆನ್ನು ಗಟ್ಟಿಯಾಗಲು ಬೇಕಾದ ಕಸರತ್ತು. ವರ್ಷವಿಡೀ ಬೈಕಿನ ಮೇಲೆ ಪಾರ್ಸೆಲ್ ಹಂಚುವ ಹುಡುಗ, ಕಾಲ್ ಸೆಂಟರಿನಲ್ಲಿ ರಾತ್ರಿಯೆಲ್ಲ ಕೂತಿರುವ ಹುಡುಗ, ಜಿಮ್ಮಿಗೆ ಹೋಗಿ ತೋಳು ಬೆಳೆಸಿರುವ ಹುಡುಗ, ಎಲ್ಲರೂ ಅದೇ ಸಾಲಿನಲ್ಲಿ ಏದುಸಿರು ಬಿಡುತ್ತಾರೆ. ಜಿಮ್ಮಿನ ತೋಳಿಗೆ ಇಲ್ಲಿ ಅಂಥ ಬೆಲೆಯಿಲ್ಲ. ತೊಡೆ, ಸೊಂಟ, ಬೆನ್ನು ಗಟ್ಟಿ ಇರಬೇಕು. ಮುಖ್ಯವಾಗಿ ಅಲುಗಾಡದೆ ನಿಲ್ಲುವ ತಾಳ್ಮೆ ಇರಬೇಕು.

ಎರಡನೆಯ ವಾರ ತಳ ಕಟ್ಟುವುದು. ದಪ್ಪಗೆ ಗಟ್ಟಿಮುಟ್ಟಾಗಿರುವವರು ವೃತ್ತವಾಗಿ ನಿಂತು ಒಬ್ಬರ ಭುಜ ಒಬ್ಬರು ಹಿಡಿಯುತ್ತಾರೆ. ಗದ್ದವನ್ನು ಎದೆಗೆ ಒತ್ತಿ, ಎದುರಿನವನ ಎದೆಯನ್ನಷ್ಟೇ ನೋಡಬೇಕು. ಮೇಲೆ ಏನಾಗುತ್ತಿದೆ ಎಂದು ತಲೆ ಎತ್ತಿದರೆ ಕುತ್ತಿಗೆ ಹಿಂದಕ್ಕೆ ಬಾಗುತ್ತದೆ, ಆ ಹೊತ್ತಿಗೆ ಭಾರ ಬಿದ್ದರೆ ಅಪಾಯ. ಹಾಗಾಗಿ ತಳದವನು ಹಂಡಿ ಒಡೆಯುವುದನ್ನು ನೋಡುವುದೇ ಇಲ್ಲ. ಜನ ಕೂಗಿದಾಗ ಅವನಿಗೆ ತಿಳಿಯುತ್ತದೆ. ಎರಡನೇ ಥರದವನು, ಅಂದರೆ ಎರಡನೇ ಹಂತದಲ್ಲಿ ನಿಲ್ಲುವವನು, ಇವನ ಮೊಣಕಾಲು ಮಡಚಿದಲ್ಲಿ ಒಂದು ಹೆಜ್ಜೆ, ಸೊಂಟದಲ್ಲಿ ಒಂದು ಹೆಜ್ಜೆ ಇಟ್ಟು ಭುಜಕ್ಕೆ ಬರುತ್ತಾನೆ. ಪಾದ ಭುಜದ ತುದಿಗೆ ಬರಬಾರದು, ಕುತ್ತಿಗೆಯ ಬುಡದ ಹತ್ತಿರ ಮಾಂಸಖಂಡ ಇರುವಲ್ಲಿ ಕೂರಬೇಕು. ತುದಿಯಲ್ಲಿ ಕಾಲಿಟ್ಟರೆ ಕೆಳಗಿನವನ ಭುಜ ಜಾರುತ್ತದೆ, ಕೊರಳೆಲುಬಿನ ಮೇಲಿಟ್ಟರೆ ನೋವಿಗೆ ಅವನು ಮಿಸುಕುತ್ತಾನೆ, ಆ ಮಿಸುಕಾಟದಲ್ಲೇ ಇಡೀ ಗೋಪುರ ನಡುಗುತ್ತದೆ. ಎರಡು ಬೆರಳಿನಷ್ಟು ಅಂತರದ ಈ ವಿಷಯವನ್ನು ಕಲಿಯಲು ಹುಡುಗರಿಗೆ ರಾತ್ರಿಗಟ್ಟಲೆ ಬೇಕಾಗುತ್ತದೆ.

ಮೂರು ಥರ, ನಾಲ್ಕು ಥರ, ಐದು ಥರ ಎಂದು ನಿಧಾನಕ್ಕೆ ಏರಿಸುತ್ತಾ ಹೋಗುತ್ತಾರೆ. ಯಾರ ಮೇಲೆ ಯಾರು ಎಂಬುದು ತೂಕ ನೋಡಿ, ಎತ್ತರ ನೋಡಿ, ಸ್ವಭಾವವನ್ನೂ ನೋಡಿ ಗೊತ್ತಾಗುವ ವಿಷಯ. ಜಗಳವಾಡಿಕೊಂಡ ಇಬ್ಬರನ್ನು ಒಬ್ಬರ ಮೇಲೊಬ್ಬರು ನಿಲ್ಲಿಸಿದರೆ ಆ ಜಾಗ ಬಿಗಿಯಾಗುವುದಿಲ್ಲ. ನಮ್ಮ ಹಿರಿಯ ತರಬೇತುದಾರರೊಬ್ಬರು ಹೊಸ ಹುಡುಗನಿಗೆ ಮೊದಲು ಕೇಳುತ್ತಿದ್ದುದು "ನಿನ್ನ ಕೆಳಗೆ ಇರುವವನ ಹೆಸರೇನು?" ಎಂದು. ಹೆಸರು ಗೊತ್ತಿಲ್ಲದಿದ್ದರೆ ಹತ್ತಿಸುತ್ತಿರಲಿಲ್ಲ. ನಾನು ಪಥಕದ ಜೀವನ ಎನ್ನುವುದು ಇದನ್ನೇ. ತುಳಿಯುವ ಭುಜ ಯಾರದ್ದು, ಅವನಿಗೆ ನಿನ್ನೆ ಜ್ವರ ಬಂದಿತ್ತೋ ಇಲ್ಲವೋ, ಅವನ ಮನೆಯಲ್ಲಿ ಏನು ನಡೆದಿದೆ, ಇಷ್ಟು ತಿಳಿದಿರಬೇಕು.

ಸರಾವ್ ಮುಗಿದ ಮೇಲೂ ಹುಡುಗರು ಮನೆಗೆ ಓಡುವುದಿಲ್ಲ. ಚಹಾ ಬರುತ್ತದೆ, ವಡಾಪಾವ್ ಬರುತ್ತದೆ, ಕೆಲವು ಕಡೆ ನಮ್ಮವರ ಹೋಟೆಲಿನಿಂದಲೇ ಬರುತ್ತದೆ. ಬದಲಾಯಿಸಿದ ಒದ್ದೆ ಬನಿಯನ್‌ಗಳನ್ನು ಚೀಲಕ್ಕೆ ತುರುಕಿ, ಪಥಕ ನಡೆಸುವ ಮಂಡಳದ ಕಟ್ಟೆಯ ಮೇಲೆ ಕೂತು, ಯಾರು ಎಲ್ಲಿ ತಪ್ಪಿದರು ಎಂದು ಮಾತಾಡುತ್ತಾರೆ. ಅರ್ಧ ಜನ ಈಗ ಪರೇಲಿನವರೇ ಅಲ್ಲ. ಚಾಳು ಕೆಡವಿ ಟವರ್ ಎದ್ದಾಗ, ಮನೆ ಚಿಕ್ಕದಾದಾಗ, ಅಪ್ಪ ರಿಟೈರ್ ಆದಾಗ ಕುಟುಂಬಗಳು ವಿರಾರ್, ಡೊಂಬಿವ್ಲಿ, ಬದ್ಲಾಪುರಕ್ಕೆ ಹೋಗಿಬಿಟ್ಟಿವೆ. ಅಲ್ಲಿಂದ ಹುಡುಗರು ಸಂಜೆ ಲೋಕಲ್ ಹಿಡಿದು ಬರುತ್ತಾರೆ, ಕೊನೆಯ ಗಾಡಿ ತಪ್ಪಿದರೆ ಗೆಳೆಯನ ಮನೆಯಲ್ಲಿ ಮಲಗಿ ಬೆಳಗಿನ ಗಾಡಿಗೆ ಹೋಗುತ್ತಾರೆ. ಹಳೆಯ ವಿಳಾಸ ಪಡಿತರ ಚೀಟಿಯಲ್ಲಿ ಇಲ್ಲದಿದ್ದರೂ ಪಥಕದ ಪಟ್ಟಿಯಲ್ಲಿ ಉಳಿದಿದೆ. ಅದೇ ಮಂಡಳ ಜೂನ್‌ನಲ್ಲಿ ನೋಟ್‌ಬುಕ್ ಹಂಚುತ್ತದೆ, ಗೋಕುಲಾಷ್ಟಮಿ ಕಳೆದ ಮೇಲೆ ಗಣಪತಿ ಕೂರಿಸುತ್ತದೆ, ನಡುವೆ ರಕ್ತದಾನ ಶಿಬಿರ ಇಡುತ್ತದೆ. ಆಸ್ಪತ್ರೆಗೆ ಓಡಬೇಕಾದಾಗ, ಹೆಣಕ್ಕೆ ಹೆಗಲು ಕೊಡಬೇಕಾದಾಗ ಕರೆಯದೆ ಬರುವವರೂ ಈ ಹುಡುಗರೇ. ನನ್ನ ತಂದೆಯವರು ತೀರಿಕೊಂಡಾಗ ಊರಿನಿಂದ ನೆಂಟರು ಬರುವ ಮೊದಲೇ ಚಾಳಿನ ಬಾಗಿಲಲ್ಲಿ ಪಥಕದವರು ನಿಂತಿದ್ದರು.

ಈ ಹುಡುಗರು ರಸ್ತೆಯಲ್ಲಿ ಯಾಕೆ ಸರಾವ್ ಮಾಡುತ್ತಾರೆ ಎಂದು ನಿಮ್ಮಲ್ಲಿ ಕೆಲವರು ಸಿಟ್ಟಾಗುತ್ತೀರಿ. ಕಾರು ತೆಗೆಯಲು ಜಾಗವಿಲ್ಲ, ಮಕ್ಕಳಿಗೆ ಓದಲು ಬಿಡುವುದಿಲ್ಲ ಎನ್ನುತ್ತೀರಿ. ಆ ಸಿಟ್ಟಿಗೆ ಕಾರಣವಿದೆ, ಒಪ್ಪುತ್ತೇನೆ. ಆದರೆ ಮೈದಾನಗಳು ಎಲ್ಲಿ ಹೋದವು ಎಂಬುದನ್ನೂ ನೆನಪಿಸಿಕೊಳ್ಳಬೇಕು. 1982ರ ಜನವರಿ 18ಕ್ಕೆ ದತ್ತಾ ಸಾಮಂತರ ನೇತೃತ್ವದಲ್ಲಿ ಮುಷ್ಕರ ಶುರುವಾದಾಗ ಸುಮಾರು ಎರಡೂವರೆ ಲಕ್ಷ ಮಿಲ್ಲು ಕಾರ್ಮಿಕರು ಹೊರಬಂದರು. ಅವರಲ್ಲಿ ಹೆಚ್ಚಿನವರಿಗೆ ಹಿಂತಿರುಗುವ ಕೆಲಸವೇ ಉಳಿಯಲಿಲ್ಲ. ಮಿಲ್ಲುಗಳು ಒಂದೊಂದಾಗಿ ಮುಚ್ಚಿದ ಮೇಲೆ ಜಮೀನು ಏನಾಗಬೇಕು ಎಂಬ ಪ್ರಶ್ನೆ ಬಂತು. 1991ರ ನಿಯಮದ ಪ್ರಕಾರ ಮೂರರಲ್ಲಿ ಒಂದು ಪಾಲು ನಗರಪಾಲಿಕೆಗೆ ಬಯಲಿಗಾಗಿ, ಒಂದು ಪಾಲು ವಸತಿ ಪ್ರಾಧಿಕಾರವಾದ ಮ್ಹಾಡಾಕ್ಕೆ ಮನೆಗಳಿಗಾಗಿ, ಉಳಿದದ್ದು ಮಾಲೀಕರಿಗೆ. 2001ರಲ್ಲಿ ಆ ನಿಯಮವನ್ನು ತಿದ್ದಿ, ಕಟ್ಟಡವಿಲ್ಲದ ಖಾಲಿ ಜಾಗಕ್ಕೆ ಮಾತ್ರ ಈ ಪಾಲು ಎಂದು ಮಾಡಿದರು. 2006ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಮಿಲ್ಲೆಂದರೆ ಶೆಡ್ಡುಗಳೇ ತುಂಬಿದ ಜಾಗ, ಖಾಲಿ ಇದ್ದದ್ದು ಅಂಗಳದಷ್ಟು. ಬಯಲಾಗಿ ನಮ್ಮ ಮಕ್ಕಳಿಗೆ ಸಿಗಬಹುದಾಗಿದ್ದ ಜಾಗದಲ್ಲಿ ಇಂದು ಮಾಲ್ ಇದೆ, ಗಾಜಿನ ಆಫೀಸುಗಳಿವೆ. ಉಳಿದದ್ದು ನರೇ ಪಾರ್ಕ್, ಕಾಮಗಾರ್ ಮೈದಾನದಂಥ ಬೆರಳೆಣಿಕೆಯ ಬಯಲುಗಳು. ಮಳೆಗಾಲದಲ್ಲಿ ಅಲ್ಲೂ ಕೆಸರು. ಹಿಂದ್‌ಮಾತಾದಲ್ಲಿ ನೀರು ತುಂಬಿದ ರಾತ್ರಿ ಹುಡುಗರು ಮೊಣಕಾಲುದ್ದ ನೀರು ದಾಟಿ ಸರಾವ್‌ಗೆ ಬರುತ್ತಾರೆ.

ಈಗ ನಿಮ್ಮ ಹೆದರಿಕೆಯ ವಿಷಯಕ್ಕೆ ಬರುತ್ತೇನೆ. ಅದನ್ನು ಹಗುರ ಮಾಡಿ ಮಾತಾಡಲಾರೆ, ಏಕೆಂದರೆ ನಾವಿರುವುದು ಕೆಇಎಂ ಆಸ್ಪತ್ರೆಯ ಪಕ್ಕದಲ್ಲಿ. 1926ರಲ್ಲಿ ಶುರುವಾದ ಆ ಆಸ್ಪತ್ರೆಗೆ ಪ್ರತಿ ಗೋಕುಲಾಷ್ಟಮಿಯ ಮಾರನೆಯ ದಿನ ಗಾಯಗೊಂಡ ಗೋವಿಂದರು ಬರುತ್ತಾರೆ. ಪಾಲಿಕೆಯ ಆಸ್ಪತ್ರೆಗಳು ಆ ದಿನಕ್ಕೆಂದೇ ಹಾಸಿಗೆ ಕಾಯ್ದಿರಿಸುತ್ತವೆ. ಕೈ ಮುರಿದವನು ಆರು ವಾರದಲ್ಲಿ ಎದ್ದು ಓಡಾಡುತ್ತಾನೆ. ಬೆನ್ನುಹುರಿಗೆ ಪೆಟ್ಟಾದವನ ಕಥೆ ಬೇರೆ. ಅವನ ತಾಯಿ ಅವನನ್ನು ಮಗುವಿನಂತೆ ಮತ್ತೆ ಎತ್ತಿ ಕೂರಿಸಬೇಕಾಗುತ್ತದೆ. 2025ರ ಆಗಸ್ಟ್‌ನಲ್ಲಿ ದಹಿಸರ್‌ನಲ್ಲಿ 11 ವರ್ಷದ ಹುಡುಗ ಮೇಲಿನ ಥರದಿಂದ ಬಿದ್ದು ತೀರಿಕೊಂಡ. ಅದು ಹಬ್ಬದ ದಿನವಲ್ಲ. ಸರಾವ್ ನಡೆಯುತ್ತಿದ್ದ ರಾತ್ರಿ.

ಈ ಕೊನೆಯ ಮಾತನ್ನು ದಯವಿಟ್ಟು ಮನಸ್ಸಿನಲ್ಲಿಡಿ. ಹಬ್ಬದ ದಿನ ಟಿವಿ ಇರುತ್ತದೆ, ಪೊಲೀಸರು ಇರುತ್ತಾರೆ, ಆಂಬುಲೆನ್ಸ್ ಇರುತ್ತದೆ, ದೊಡ್ಡ ಹಂಡಿಗಳಲ್ಲಿ ಮೇಲಿನವನ ಸೊಂಟಕ್ಕೆ ಹಗ್ಗ ಕಟ್ಟಿರುತ್ತಾರೆ, ತಲೆಗೆ ಹೆಲ್ಮೆಟ್ ಇರುತ್ತದೆ. ಸರಾವ್‌ನಲ್ಲಿ ಎಷ್ಟೋ ಕಡೆ ಇದ್ಯಾವುದೂ ಇರುವುದಿಲ್ಲ. ಮಳೆಯಲ್ಲಿ ನೆನೆದ ಕಾಂಕ್ರೀಟ್ ಮಾತ್ರ ಇರುತ್ತದೆ.

ಕಾನೂನು ಏನು ಹೇಳುತ್ತದೆ ಎಂಬುದರ ಬಗ್ಗೆಯೂ ಗೊಂದಲವಿದೆ. 2014ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ 18 ವರ್ಷಕ್ಕಿಂತ ಚಿಕ್ಕವರು ಭಾಗವಹಿಸಬಾರದು, ಎತ್ತರ 20 ಅಡಿ ದಾಟಬಾರದು ಎಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಅದನ್ನು ಸಡಿಲಿಸಿತು, 2016ರಲ್ಲಿ ಮತ್ತೆ ಬಿಗಿ ಮಾಡಿತು. 2017ರಲ್ಲಿ ವಿಷಯ ಹೈಕೋರ್ಟಿಗೆ ಮರಳಿದಾಗ, 14 ವರ್ಷಕ್ಕಿಂತ ಕೆಳಗಿನವರನ್ನು ಸೇರಿಸುವುದಿಲ್ಲ ಎಂದು ಸರ್ಕಾರ ಮಾತು ಕೊಟ್ಟಿತು. ಎತ್ತರಕ್ಕೆ ಮಿತಿ ಹಾಕುವ ಕೆಲಸ ಶಾಸಕಾಂಗದ್ದು ಎಂದು ಕೋರ್ಟ್ ಹಿಂದೆ ಸರಿಯಿತು. ಆಮೇಲೆ ಎತ್ತರ ಏರುತ್ತಲೇ ಹೋಯಿತು. 2012ರಲ್ಲಿ ಜೋಗೇಶ್ವರಿಯ ಜೈ ಜವಾನ್ ಪಥಕ ಠಾಣೆಯಲ್ಲಿ ಒಂಬತ್ತು ಥರ ಕಟ್ಟಿ 43.79 ಅಡಿಯ ಗಿನ್ನೆಸ್ ದಾಖಲೆ ಮಾಡಿತ್ತು. 2025ರಲ್ಲಿ ಹತ್ತು ಥರವೂ ಆಯಿತು. ಆ ಸಾಧನೆಗೆ ನಾನು ತಲೆಬಾಗುತ್ತೇನೆ, ಅದರ ಹಿಂದೆ ಎಷ್ಟು ರಾತ್ರಿಗಳ ಬೆವರಿದೆ ಎಂದು ಬಲ್ಲೆ. ಆದರೆ ಆರು ಥರಕ್ಕೆ ತಯಾರಿಲ್ಲದ ಗಲ್ಲಿಯ ಪಥಕ ಎಂಟಕ್ಕೆ ಕೈಹಾಕುವುದು ಆ ವಿಡಿಯೋಗಳನ್ನು ನೋಡಿಯೇ. ಹದಿನಾಲ್ಕು ತುಂಬದ ಮಗುವನ್ನು ಮೇಲಕ್ಕೆ ಕಳಿಸಲು ಯಾರೇ ಕೇಳಿದರೂ, ಎಷ್ಟೇ ಹತ್ತಿರದವರಾದರೂ, ಇಲ್ಲ ಎನ್ನಿ. ಹಗುರ ಎಂಬ ಕಾರಣಕ್ಕೆ ಮಗುವನ್ನು ಆರಿಸುತ್ತಾರೆ, ಆ ಮಗುವೇ ಎಲ್ಲರಿಗಿಂತ ಎತ್ತರದಿಂದ ಬೀಳುತ್ತದೆ.

ಹಾಗಾದರೆ ಬೇಡವೇ ಬೇಡ ಎಂದುಬಿಡೋಣವೇ? ಹಾಗೆಂದವರ ಮಕ್ಕಳೇ ಕದ್ದು ಹೋಗುವವರು. ಕದ್ದು ಹೋದವನು ನೋವಾದರೂ ಹೇಳುವುದಿಲ್ಲ, ಉಳುಕಿದ ಭುಜವನ್ನೇ ಮಾರನೆಯ ರಾತ್ರಿ ಮತ್ತೆ ಭಾರಕ್ಕೆ ಕೊಡುತ್ತಾನೆ. ಇಲ್ಲಿಯೇ ದೊಡ್ಡವರ ಕೆಲಸ ಇರುವುದು.

ಸ್ಪೇನಿನ ಕತಲೋನಿಯಾದಲ್ಲಿ ನಮ್ಮ ಹಾಗೆಯೇ ಮನುಷ್ಯರ ಗೋಪುರ ಕಟ್ಟುತ್ತಾರೆ, ಕಾಸ್ತೆಲ್ ಎನ್ನುತ್ತಾರೆ. ಹದಿನೆಂಟನೆಯ ಶತಮಾನದ ಕೊನೆಯಿಂದ ನಡೆದುಬಂದ ಪದ್ಧತಿ, 2010ರಲ್ಲಿ ಯುನೆಸ್ಕೋದ ಪಟ್ಟಿಗೆ ಸೇರಿತು. ಅವರೂ ಹತ್ತು ಥರ ಕಟ್ಟುತ್ತಾರೆ, ಅವರಲ್ಲೂ ತುದಿಗೆ ಏರುವುದು ಮಕ್ಕಳೇ. 2006ರಲ್ಲಿ ಮತಾರೋ ಎಂಬ ಊರಿನ ತಂಡದ ಒಬ್ಬ ಹುಡುಗಿ ಬಿದ್ದು ಸತ್ತಳು. ಆಮೇಲೆ ಅಲ್ಲಿ ಮೇಲೇರುವ ಮಕ್ಕಳಿಗೆ ಹೆಲ್ಮೆಟ್ ರೂಢಿಗೆ ಬಂತು, ಈ ಕೆಲಸಕ್ಕೆಂದೇ ಮೆದುವಾದ ಹೆಲ್ಮೆಟ್ ಮಾಡಿಸಿದರು, ಕೆಳಗಿನವರ ಭುಜಕ್ಕೆ ಬಡಿದರೂ ಗಾಯವಾಗಬಾರದೆಂದು. ಅದನ್ನು ಸರಾವ್‌ನಲ್ಲೂ ಹಾಕುತ್ತಾರೆ.

ಆದರೆ ಅವರಿಂದ ಕಲಿಯಬೇಕಾದ ದೊಡ್ಡ ಸಂಗತಿ ಬೇರೆ ಇದೆ. ಅವರ ಗೋಪುರದ ಬುಡದಲ್ಲಿ, ಭಾರ ಹೊರುವವರ ಸುತ್ತ, ಊರಿನವರೆಲ್ಲ ಒತ್ತೊತ್ತಾಗಿ ಸೇರಿ ನಿಲ್ಲುತ್ತಾರೆ. ನೂರು ಜನ, ಕೆಲವೊಮ್ಮೆ ಇನ್ನೂರು ಮುನ್ನೂರು ಜನ. ಅದಕ್ಕೆ ಪೀನ್ಯಾ ಎನ್ನುತ್ತಾರೆ. ಅಂಗಡಿಯವನು, ಮೇಷ್ಟ್ರು, ಮುದುಕ, ಮೇಲೇರಿದ ಹುಡುಗಿಯ ಅಮ್ಮ, ಎಲ್ಲರೂ ಕೈಚಾಚಿ ಮುಂದಿನವರ ಬೆನ್ನಿಗೆ ಒತ್ತು ಕೊಡುತ್ತಾರೆ. ಆ ಒತ್ತಿನಿಂದ ತಳ ಹರಡುವುದಿಲ್ಲ. ಮೇಲಿನವರು ಬಿದ್ದರೂ ನೆಲಕ್ಕೆ ಬೀಳುವುದಿಲ್ಲ, ಜನರ ತೋಳುಗಳ ಮೇಲೆ ಬೀಳುತ್ತಾರೆ. ಗೋಪುರದ ರಕ್ಷಣೆ ಎಂದರೆ ಊರಿನ ಜನವೇ.

ನಮ್ಮಲ್ಲೂ ತಳದ ಸುತ್ತ ಜನ ನಿಲ್ಲುತ್ತಾರೆ. ಹಬ್ಬದ ದಿನ ಕೊರತೆಯಿಲ್ಲ. ಸರಾವ್‌ನ ರಾತ್ರಿ ಮಾತ್ರ ಮೇಲೆ ಹತ್ತುವವರು ಇದ್ದಾರೆ, ಸುತ್ತ ನಿಲ್ಲುವವರು ಇಲ್ಲ. ಎರಡು ಸಾಲು ಇರಬೇಕಾದಲ್ಲಿ ಅರ್ಧ ಸಾಲು. ಮೇಲೆ ಗ್ಯಾಲರಿಗಳಲ್ಲಿ ನೋಡಿದರೆ ಮೂರು ಮಾಳಿಗೆಯಲ್ಲೂ ಜನ, ಕೈಯಲ್ಲಿ ಮೊಬೈಲು. ಅಷ್ಟು ಜನ ಕೆಳಗೆ ಬಂದು ನಿಂತರೆ ಹುಡುಗರ ಸುತ್ತ ಮೂರು ಸಾಲು ತುಂಬುತ್ತದೆ. ನಿಮ್ಮನ್ನು ಕರೆಯುತ್ತಿರುವುದು ಇದಕ್ಕೆ. ನಿಮಗೆ ವಯಸ್ಸಾಗಿರಲಿ, ಬೆನ್ನು ನೋವಿರಲಿ, ಯಾರ ಭಾರವನ್ನೂ ನೀವು ಹೊರಬೇಕಾಗಿಲ್ಲ. ಮುಂದೆ ನಿಂತವನ ಬೆನ್ನಿಗೆ ಅಂಗೈ ಒತ್ತಿ, ಕಾಲು ಗಟ್ಟಿ ಊರಿ, ತಲೆ ಬಗ್ಗಿಸಿ ನಿಲ್ಲುವುದಷ್ಟೇ.

ಕತಲಾನರ ಇನ್ನೊಂದು ಪದ್ಧತಿ ನನಗೆ ತುಂಬ ಹಿಡಿಸುತ್ತದೆ. ತುದಿಯ ಮಗು ಕೈ ಎತ್ತಿದ ಕೂಡಲೇ ಗೋಪುರ ಮುಗಿಯಿತು ಎಂದು ಅವರು ಲೆಕ್ಕ ಹಾಕುವುದಿಲ್ಲ. ಏರಿದವರೆಲ್ಲ ಒಬ್ಬೊಬ್ಬರಾಗಿ ಸರಿಯಾಗಿ ಕೆಳಗಿಳಿದರೆ ಮಾತ್ರ ಪೂರ್ತಿ ಮನ್ನಣೆ, ಏರಿ ಕುಸಿದರೆ ಕಡಿಮೆ. ನಮ್ಮಲ್ಲಿ ಮಡಕೆ ಒಡೆದ ಕ್ಷಣವೇ ಎಲ್ಲರೂ ಕುಣಿಯಲು ಶುರು ಮಾಡುತ್ತಾರೆ, ಮೇಲಿನವರು ಮಾತ್ರ ಇನ್ನೂ ಮೂವತ್ತು ಅಡಿ ಮೇಲೆ, ದಣಿದ ಕಾಲುಗಳ ಮೇಲೆ ನಿಂತಿರುತ್ತಾರೆ. ಮೊಸರು ನೀರು ಸುರಿದು ಭುಜಗಳು ಜಾರುತ್ತಿರುತ್ತವೆ. ಆಗ ಕುಸಿದದ್ದನ್ನೂ ನಾವು ಸಂಭ್ರಮ ಎನ್ನುತ್ತೇವೆ. ನಿಮ್ಮ ಮಗನ ಪಥಕ ಇಳಿಯುವುದನ್ನು ಎಷ್ಟು ಸರಾವ್ ಮಾಡುತ್ತದೆ ಎಂದು ಒಂದು ರಾತ್ರಿ ನಿಂತು ನೋಡಿ. ಏರಲು ತೆಗೆದುಕೊಂಡಷ್ಟೇ ಶ್ರದ್ಧೆ ಇಳಿಯಲೂ ಇದ್ದರೆ ಆ ತರಬೇತುದಾರರ ಕೈಗೆ ಮಗನನ್ನು ಒಪ್ಪಿಸಬಹುದು.

ದುಡ್ಡಿನ ಮಾತನ್ನೂ ಆಡಲೇಬೇಕು. ಹಿಂದೆ ಗಿರಣಗಾಂವ್ ಎಂಬ ನಮ್ಮ ಈ ಮಿಲ್ಲುಗಳ ಪ್ರದೇಶದಲ್ಲಿ ಹಂಡಿ ಎಂದರೆ ಗಲ್ಲಿಯ ಎರಡು ಚಾಳುಗಳ ನಡುವೆ ಕಟ್ಟಿದ ಮಡಕೆ. ಮೂರೋ ನಾಲ್ಕೋ ಥರ. ಬಹುಮಾನವೆಂದರೆ ತೆಂಗಿನಕಾಯಿ, ಸ್ವಲ್ಪ ಚಿಲ್ಲರೆ, ಮಜ್ಜಿಗೆ. ಈಗ ರಾಜಕಾರಣಿಗಳ ಪ್ರತಿಷ್ಠಾನಗಳು ಲಕ್ಷಗಟ್ಟಲೆ ಇಡುತ್ತವೆ. ಒಂದೇ ದಿನ ಟ್ರಕ್ಕು ಮಾಡಿಕೊಂಡು ದಾದರ್, ವರ್ಲಿ, ಘಾಟ್ಕೋಪರ್, ಠಾಣೆ ಎಂದು ಹುಡುಗರು ಸುತ್ತುತ್ತಾರೆ, ಬೈಕಿನಲ್ಲಿ ಮೂವರು ಕೂತು ಹಿಂದೆ ಓಡುತ್ತಾರೆ. ಬೆಳಗ್ಗೆ ಗಟ್ಟಿಯಾಗಿದ್ದ ತಳ ಸಂಜೆಗೆ ನಡುಗುತ್ತದೆ, ಹೊಟ್ಟೆಗೆ ಸರಿಯಾಗಿ ಬಿದ್ದಿರುವುದಿಲ್ಲ. ಆ ದುಡ್ಡಿನಲ್ಲಿ ಮಂಡಳ ವರ್ಷವಿಡೀ ನಡೆಯುತ್ತದೆ ಎಂಬುದು ನಿಜ, ನೋಟ್‌ಬುಕ್ಕಿನ ಖರ್ಚೂ ಅಲ್ಲಿಂದಲೇ. ಹಾಗಾಗಿ ಬೇಡ ಎಂದು ಪಥಕದವರಿಗೆ ಹೇಳುವುದು ಸುಲಭವಲ್ಲ. ಆದರೆ ಎಷ್ಟು ಹಂಡಿಗೆ ಹೋಗುತ್ತೀರಿ, ನಡುವೆ ಊಟಕ್ಕೆ ಎಲ್ಲಿ ನಿಲ್ಲುತ್ತೀರಿ, ಕತ್ತಲಾದ ಮೇಲೆ ಏರಿಸುತ್ತೀರಾ ಎಂದು ತಂದೆತಾಯಿ ಕೇಳಿದರೆ ಅವರು ಉತ್ತರ ಕೊಡಲೇಬೇಕಾಗುತ್ತದೆ. ಸರಾವ್‌ಗೆ ದಿನಾ ಬಂದು ನಿಂತವರ ಪ್ರಶ್ನೆಗೆ ತೂಕವಿದೆ. ಒಂದು ದಿನ ಬಂದು ಕೂಗಾಡಿ ಹೋದವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

2022ರಲ್ಲಿ ರಾಜ್ಯ ಸರ್ಕಾರ ಇದನ್ನು ಸಾಹಸ ಕ್ರೀಡೆ ಎಂದು ಒಪ್ಪಿಕೊಂಡು, ಸತ್ತರೆ ಮನೆಯವರಿಗೆ 10 ಲಕ್ಷ, ಎರಡು ಅಂಗ ಕಳೆದುಕೊಂಡರೆ ಏಳೂವರೆ ಲಕ್ಷ, ಒಂದಕ್ಕೆ 5 ಲಕ್ಷ ಎಂದು ಪ್ರಕಟಿಸಿತು. ಮರುವರ್ಷ ವರ್ಲಿಯ ಒಳಾಂಗಣ ಕ್ರೀಡಾಂಗಣದಲ್ಲಿ ಪ್ರೋ ಗೋವಿಂದ ಲೀಗ್ ಶುರುವಾಯಿತು. ಗೋವಿಂದರಿಗೆ ವಿಮೆಯೂ ಬಂತು. ವಿಮೆಗೆ ಪಥಕವೇ ಹೆಸರುಗಳನ್ನು ಕೊಡಬೇಕು. ನಿಮ್ಮ ಮಗನ ಹೆಸರು ಆ ಪಟ್ಟಿಯಲ್ಲಿದೆಯೇ, ಅದು ಯಾವ ತಾರೀಕಿನಿಂದ ಅನ್ವಯವಾಗುತ್ತದೆ, ಸರಾವ್‌ನ ದಿನಗಳಿಗೂ ಇದೆಯೇ ಎಂದು ಕಾಗದ ತರಿಸಿ ಓದಿ. ನಮ್ಮಲ್ಲಿ ಎಲ್‌ಐಸಿ, ಬ್ಯಾಂಕುಗಳಲ್ಲಿ ಕೆಲಸ ಮಾಡಿ ನಿವೃತ್ತರಾದವರು ಎಷ್ಟೊಂದು ಜನ ಇದ್ದೀರಿ. ಆ ಅರ್ಜಿಗಳನ್ನು ತುಂಬಿಕೊಡಲು ಇಪ್ಪತ್ತು ವರ್ಷದ ಕಾರ್ಯಕರ್ತರು ಒದ್ದಾಡುತ್ತಿರುತ್ತಾರೆ. ಒಂದು ಸಂಜೆ ಕಟ್ಟೆಯ ಮೇಲೆ ಕೂತು ತುಂಬಿಕೊಡಿ.

ಕೆಇಎಂ ಹತ್ತಿರವಿರುವ ನಾವು ಕಲಿತಿರಲೇಬೇಕಾದದ್ದು ಇನ್ನೊಂದಿದೆ. ಬಿದ್ದವನನ್ನು ನಾಲ್ಕು ಜನ ಕೈಕಾಲು ಹಿಡಿದು ಎತ್ತಿಕೊಂಡು ಓಡುವುದನ್ನು ನೀವು ನೋಡಿದ್ದೀರಿ. ಪ್ರೀತಿಯಿಂದಲೇ ಓಡುತ್ತಾರೆ. ಕುತ್ತಿಗೆಯ ಮೂಳೆ ಮುರಿದಿದ್ದರೆ ಹಾಗೆ ಎತ್ತಿದಾಗಲೇ ಬೆನ್ನುಹುರಿ ಕೆಡಬಹುದು, ಬಿದ್ದಾಗ ಉಳಿದದ್ದು ಎತ್ತುವಾಗ ಹೋಗಬಹುದು. ಅವನನ್ನು ಇದ್ದಲ್ಲೇ ಮಲಗಿಸಿರಬೇಕು, ತಲೆ ಕುತ್ತಿಗೆ ಅಲುಗದಂತೆ ಎರಡೂ ಕಡೆಯಿಂದ ಕೈಗಳಿಂದ ಹಿಡಿದಿರಬೇಕು, ನೀರು ಕುಡಿಸಬಾರದು, 108ಕ್ಕೆ ಫೋನ್ ಮಾಡಬೇಕು, ಆಂಬುಲೆನ್ಸ್‌ನವರು ಬಂದ ಮೇಲಷ್ಟೇ ಗಟ್ಟಿ ಹಲಗೆಯ ಮೇಲೆ ಮೈ ತಿರುಚದಂತೆ ಸರಿಸಬೇಕು. ನಮ್ಮ ಮನೆಗಳಲ್ಲಿ ಆಸ್ಪತ್ರೆಗಳಲ್ಲಿ ದುಡಿಯುವ ನರ್ಸ್ ಅಕ್ಕಂದಿರಿದ್ದೀರಿ, ಕೆಇಎಂನಲ್ಲಿ, ವಾಡಿಯಾದಲ್ಲಿ, ಟಾಟಾದಲ್ಲಿ. ಸರಾವ್‌ನ ಮೊದಲ ವಾರವೇ ಒಂದು ಅರ್ಧ ಗಂಟೆ ಬಂದು ಇದನ್ನು ಹುಡುಗರಿಗೆ ಮಾಡಿ ತೋರಿಸಿ. ನಿಮ್ಮ ಮಾತು ಅವರು ಕೇಳುತ್ತಾರೆ.

ಹೆಣ್ಣುಮಕ್ಕಳ ಅಮ್ಮಂದಿರಿಗೆ ಬೇರೆಯಾಗಿ ಒಂದು ಮಾತು. ಮುಂಬಯಿಯಲ್ಲಿ ಹುಡುಗಿಯರ ಪಥಕಗಳು ಬಂದು ಎಷ್ಟೋ ವರ್ಷವಾಯಿತು, ದಾದರಿನಲ್ಲಿ ಗೋಪುರ ಕಟ್ಟಿ ಅವರು ಕೊಡುವ ಸಲಾಮಿ ನೋಡಲು ಜನ ಕಾದಿರುತ್ತಾರೆ. ಕತಲೋನಿಯಾದಲ್ಲಿ 1980ರ ದಶಕದಲ್ಲಿ ಹೆಂಗಸರು ಗೋಪುರಕ್ಕೆ ಸೇರಿದ ಮೇಲೆಯೇ ಮೇಲಿನ ಥರಗಳು ಹಗುರವಾಗಿ ಗೋಪುರ ಇನ್ನಷ್ಟು ಎತ್ತರವಾಯಿತು. ನಮ್ಮ ಹುಡುಗಿಯರು ಕೇಳಿದರೆ "ರಾತ್ರಿ ಹೊತ್ತು, ಹುಡುಗರ ನಡುವೆ, ಊರಲ್ಲಿ ಏನಂತಾರೆ" ಎಂಬ ಮಾತು ಬರುತ್ತದೆ. ನೀವೇ ಅಲ್ಲಿ ನಿಂತಿದ್ದರೆ ಆ ಮಾತಿಗೆ ಜಾಗವೇ ಇರುವುದಿಲ್ಲ. ಚಾಳಿನ ಹೆಂಗಸರು ಹತ್ತು ಜನ ಅಂಗಳದಲ್ಲಿ ನಿಂತ ರಾತ್ರಿ ಹುಡುಗರ ಬಾಯಲ್ಲಿ ಬೈಗುಳ ಕೂಡ ಕಡಿಮೆಯಾಗುವುದನ್ನು ನಾನು ನೋಡಿದ್ದೇನೆ.

"ಅದು ಅವರ ಹಬ್ಬ, ನಮಗೇಕೆ" ಎನ್ನುವವರೂ ಇದ್ದಾರೆ. ಇದನ್ನು ಕೇಳಿದಾಗ ನನಗೆ ನೋವಾಗುತ್ತದೆ. ಉಡುಪಿಯ ರಥಬೀದಿಯಲ್ಲಿ ವಿಟ್ಲಪಿಂಡಿಯ ದಿನ ಗುರ್ಜಿಗೆ ಕಟ್ಟಿದ ಮಡಕೆಗಳನ್ನು ಗೊಲ್ಲರು ಒಡೆಯುವುದನ್ನು ನೋಡಿ ಬೆಳೆದವರು ನಾವು. ಮಂಗಳೂರಿನಲ್ಲಿ ಮೊಸರು ಕುಡಿಕೆಗೆ ಹುಡುಗರು ಒಬ್ಬರ ಮೇಲೊಬ್ಬರು ಏರುತ್ತಾರೆ. ಕೃಷ್ಣ ಅಲ್ಲಿಯವನೂ ಹೌದು, ಇಲ್ಲಿಯವನೂ ಹೌದು.

ಆದರೆ ಗ್ಯಾಲರಿಯಲ್ಲೇ ನಿಲ್ಲುವ ಅಭ್ಯಾಸ ನಮಗೆ ಯಾಕೆ ಬಂತು ಎಂಬುದೂ ನನಗೆ ಗೊತ್ತು. 1960ರ ದಶಕದಲ್ಲಿ ದಕ್ಷಿಣದವರ ವಿರುದ್ಧ ಎದ್ದ ಗಲಭೆಯಲ್ಲಿ ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದವು. ಆ ಕಾಲ ಕಂಡವರು ಮಕ್ಕಳಿಗೆ ಕಲಿಸಿದ್ದು ಒಂದೇ: ತಗ್ಗಿ ನಡೆ, ಗುಂಪಿಗೆ ಹೋಗಬೇಡ, ಬಾಗಿಲು ಹಾಕಿಕೋ. ಆ ಎಚ್ಚರಿಕೆ ಆ ದಿನಕ್ಕೆ ಸರಿಯಾಗಿತ್ತು. ಅದೇ ಬೀದಿಯಲ್ಲಿ ಇಂದು ಶೆಟ್ಟರ ಮಗನ ಭುಜದ ಮೇಲೆ ಸಾವಂತರ ಮಗ ನಿಲ್ಲುತ್ತಾನೆ, ಅವನ ಮೇಲೆ ಉತ್ತರಪ್ರದೇಶದಿಂದ ಬಂದ ಟ್ಯಾಕ್ಸಿಯವರ ಮಗ. ಕೆಳಗಿನವನಿಗೆ ಮೇಲಿನವನ ಹೆಸರು ಗೊತ್ತು. ಮನೆಯಲ್ಲಿ ಕನ್ನಡವೋ ತುಳುವೋ ಆಡುವ ಹುಡುಗನನ್ನು ಈ ಊರಿನವನೇ ಎಂದು ಯಾರೂ ಪ್ರಶ್ನಿಸದ ಜಾಗ ಇದೊಂದು. ನಮ್ಮ ಸಂಘಗಳು ವರ್ಷಕ್ಕೊಮ್ಮೆ ಹಾಲ್ ಬಾಡಿಗೆಗೆ ಹಿಡಿದು ಯಕ್ಷಗಾನ ಆಡಿಸುತ್ತವೆ, ಸನ್ಮಾನ ಮಾಡುತ್ತವೆ. ಅದೂ ಬೇಕು. ಆದರೆ ಅಲ್ಲಿಗೆ ನಮ್ಮ ಹುಡುಗರು ಬರುವುದಿಲ್ಲ ಎಂದು ವೇದಿಕೆಯ ಮೇಲೆ ದೂರುವ ಹಿರಿಯರು, ಹುಡುಗರು ಇರುವ ಜಾಗಕ್ಕೆ ತಾವು ಒಮ್ಮೆ ಬಂದು ನೋಡಬೇಕು ಎಂಬುದು ನನ್ನ ಪ್ರಾರ್ಥನೆ.

ಕನ್ನಡ ಸಂಘಗಳ ಪದಾಧಿಕಾರಿಗಳೂ ಇದನ್ನು ಓದುತ್ತಿದ್ದರೆ, ಒಂದು ಕೋರಿಕೆ. ಈ ವರ್ಷದ ಸ್ಮರಣಿಕೆ, ಶಾಲುಗಳ ಖರ್ಚಿನಲ್ಲಿ ಒಂದು ಭಾಗ ತೆಗೆದು ನಿಮ್ಮ ಗಲ್ಲಿಯ ಪಥಕಕ್ಕೆ ದಪ್ಪನೆಯ ಮ್ಯಾಟುಗಳನ್ನೂ ನಾಲ್ಕು ಹೆಲ್ಮೆಟ್‌ಗಳನ್ನೂ ಕೊಡಿಸಿ. ಅದರ ಮೇಲೆ ಸಂಘದ ಹೆಸರು ಬರೆಸಬೇಕೆಂದಿದ್ದರೆ ಕನ್ನಡದಲ್ಲೇ ಬರೆಸಿ, ಪಥಕದವರು ಸಂತೋಷದಿಂದ ಒಪ್ಪುತ್ತಾರೆ.

ಇನ್ನು ಬರುವವರಿಗೆ ಕೆಲವು ವಿವರ. ಸರಾವ್ ಸಾಮಾನ್ಯವಾಗಿ ಎಂಟೂವರೆಯ ನಂತರ, ಹುಡುಗರು ಕೆಲಸದಿಂದ ಬಂದ ಮೇಲೆ ಶುರುವಾಗುತ್ತದೆ. ಹತ್ತರ ನಂತರ ಸೀಟಿ, ಧ್ವನಿವರ್ಧಕ ಬೇಡ ಎಂದು ನಾವೇ ಹೇಳಿದ್ದೇವೆ. ಮೀರಿದರೆ ನೀವು ಬಂದು ಹೇಳಿ. ಚಪ್ಪಲಿ ಹೊರಗೆ ಬಿಡಿ. ಉಂಗುರ, ಬಳೆ, ವಾಚು, ಸರ ಮನೆಯಲ್ಲೇ ಇಟ್ಟು ಬನ್ನಿ, ಬೀಳುವವರಿಗೆ ಅವೇ ತಾಗುತ್ತವೆ. ಶರ್ಟಿನ ಜೇಬಿನಲ್ಲಿ ಪೆನ್ನು, ಕನ್ನಡಕ ಬೇಡ. ಮೊದಲ ಸಲ ಬಂದಾಗ ತರಬೇತುದಾರರಿಗೆ ನಿಮ್ಮ ಹೆಸರು ಹೇಳಿ, ಯಾರ ತಂದೆ, ಯಾರ ತಾಯಿ ಎಂದು ಹೇಳಿ. ಅವರು ನಿಮ್ಮನ್ನು ಹೊರಸಾಲಿನಲ್ಲಿ, ನಿಮ್ಮ ಎತ್ತರದವರ ಪಕ್ಕ ನಿಲ್ಲಿಸುತ್ತಾರೆ. ಮಂಡಿ ನೋವಿದ್ದವರು ಹಗ್ಗ ಹಿಡಿಯುವವರ ಜೊತೆ ಇರಬಹುದು, ಅಲ್ಲಿಯೂ ಜನ ಸಾಲದು. ಮಳೆ ಜೋರಾಗಿದ್ದರೆ ಆ ರಾತ್ರಿ ಮೂರು ಥರದ ಮೇಲೆ ಏರಿಸಬಾರದೆಂದು ನಮ್ಮಲ್ಲಿ ಕಟ್ಟಳೆಯಿದೆ. ನಿಮ್ಮ ಗಲ್ಲಿಯಲ್ಲಿ ಅದು ಇಲ್ಲದಿದ್ದರೆ ಮೊದಲ ದಿನವೇ ಕೇಳಿ ಮಾಡಿಸಿಕೊಳ್ಳಿ.

ಗುರುಪೂರ್ಣಿಮೆಯ ಸಂಜೆ ಕಾಯಿ ಒಡೆಯುವ ಹೊತ್ತಿಗೆ ಬಂದರೆ ಪ್ರಸಾದವೂ ಸಿಗುತ್ತದೆ.

ನಿಮ್ಮವನೇ ಆದ,
ತಳದ ಸಾಲಿನ ಒಬ್ಬ
ಪರೇಲ್, ಮುಂಬಯಿ